ಕೈ ಹಿಂದಕ್ಕೆ ತೆಗೆದವಳು

ಸಾಗರದ ಬಸ್‌ಸ್ಟ್ಯಾಂಡ್ ಹತ್ತಿರದ ಡಿಟಿಪಿ ಅಂಗಡಿಯಲ್ಲಿ ಕುಮುದಾ ಮೂರು ತಿಂಗಳಿಂದ ಯೋಗರಾಜ್ ಮೇಷ್ಟ್ರ ಇಟಲಿ ಚರಿತ್ರೆಯ ಪುಸ್ತಕ ಟೈಪ್ ಮಾಡುತ್ತಿದ್ದಳು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಐನೂರು ವರ್ಷದ ಹಿಂದಿನ ಇಟಲಿ ಎತ್ತ ಕಡೆಯೆಂದೂ ಗೊತ್ತಿರಲಿಲ್ಲ. ಆದರೂ ಮೊದಲನೇ ಅಧ್ಯಾಯದ ಒಂದು ಮಾತು ಅವಳೊಳಗೆ ಕೂತುಬಿಟ್ಟಿತ್ತು: ಮನುಷ್ಯ ಹುಟ್ಟಾ ಪಾಪಿ, ಹೆದರಿಸಿಯೇ ಇಡಬೇಕು ಎಂದು ನಂಬಿದ್ದ ಕಾಲದಲ್ಲಿ ಅಲ್ಲಿನ ಪಂಡಿತರು, ಮನುಷ್ಯ ತನ್ನನ್ನು ತಾನೇ ರೂಪಿಸಿಕೊಳ್ಳಬಲ್ಲ ಎಂದರಂತೆ.

ಅದೇ ಮೇಷ್ಟ್ರು ಅವಳ ಊರಿನಿಂದಲೇ ಪಂಚಾಯಿತಿ ಚುನಾವಣೆಗೆ ನಿಂತರು. ಎದುರಾಳಿ ದುರ್ಗೇಶ, ಶಾಲಾ ಸಮಿತಿಯ ಅಧ್ಯಕ್ಷ. ಅವನು ಮತ ಕೇಳುತ್ತ ಅಲೆಯಲಿಲ್ಲ. ಕೇರಿಯವರನ್ನು ಊರದೇವಿ ಚೌಡಿಯ ಬನಕ್ಕೆ ಕರೆಸಿ, ತನಗೇ ಮತ ಹಾಕುತ್ತೇವೆಂದು ದೀಪ ಮುಟ್ಟಿಸಿ ಆಣೆ ಹಾಕಿಸಿಕೊಂಡ. ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಬೆಳ್ಳಮ್ಮ, ಕುಮುದಾಳ ತಾಯಿ, ಅವಳೂ ಮುಟ್ಟಿದಳು.

"ಹೆದರಿಸಿ ಹಾಕಿಸ್ಕಂಡಿದ್ದು ಆಣೆ ಅಲ್ಲ ಅವ್ವ. ಮೇಷ್ಟ್ರು ಬರ್ದಿದಾರೆ."

"ಮೇಷ್ಟ್ರು ಬರ್ದಿದ್ದನ್ನ ಚೌಡಿ ಓದಿದಾಳಾ?"

ಹಾಗೆಂದರೂ, ಯಾವತ್ತೂ ಏನೂ ಕೇಳದ ಮಗಳು ಕೇಳಿದ್ದಕ್ಕೆ, ಬೆಳ್ಳಮ್ಮ ಮೇಷ್ಟ್ರಿಗೇ ಮುದ್ರೆ ಒತ್ತಿದಳು. ಮೇಷ್ಟ್ರು ಎರಡು ಮತದಲ್ಲಿ ಗೆದ್ದರು.

ವಾರದೊಳಗೆ ದುರ್ಗೇಶ ಎಲ್ಲರನ್ನೂ ಮತ್ತೆ ಬನಕ್ಕೆ ಕರೆದ. "ಆಣೆ ಮುರೀಲಿಲ್ಲ ಅಂತ ಒಬ್ಬೊಬ್ರೇ ದೀಪ ಮುಟ್ಟಿ ಹೇಳಿ."

ಕೇರಿಯ ಕನ್ನಪ್ಪ ಮುಟ್ಟಿ ಹೇಳಿದ. ಗೆದ್ದ ದಿನ ಮೇಷ್ಟ್ರ ಮನೆಯಲ್ಲಿ ಎಲ್ಲರಿಗಿಂತ ಮೊದಲು ಪಾಯಸ ಕುಡಿದವನು ಅವನೇ ಎಂಬುದನ್ನು ಕುಮುದಾ ನೋಡಿದ್ದಳು. ಬೆಳ್ಳಮ್ಮನ ಕೈ ದೀಪದ ಹತ್ತಿರ ಹೋಯಿತು, ನಿಂತಿತು, ಹಿಂದೆ ಸರಿದು ಸೆರಗಿನೊಳಗೆ ಸೇರಿಕೊಂಡಿತು. ಮತಗಟ್ಟೆಯ ಮರೆಯಲ್ಲಿ ಆಣೆ ಮುರಿದವಳಿಗೆ ಚೌಡಿಯ ಎದುರು ಸುಳ್ಳು ಹೇಳಲು ಆಗಲಿಲ್ಲ.

"ಎಂತ ಬೆಳ್ಳಮ್ಮ, ಬಿಸಿಯಾ? ದಿನಾ ಒಲೆ ಮುಂದೆ ಇರೋಳು ನೀನು!" ಎಂದ ದುರ್ಗೇಶ. ಜನ ನಕ್ಕರು.

ಸೋಮವಾರ ಶಾಲೆಯ ಅಡುಗೆಮನೆಯಲ್ಲಿ ಬೇರೆ ಹೆಂಗಸು ಅಕ್ಕಿ ತೊಳೆಯುತ್ತಿದ್ದಳು.

ಮೇಷ್ಟ್ರು ಪ್ರೂಫ್ ನೋಡಲು ಅಂಗಡಿಗೆ ಬಂದಾಗ, ಬೆಳಗಿನಿಂದ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದ ಮಾತನ್ನು ಕುಮುದಾ ಒಂದೇ ಉಸಿರಿಗೆ ಹೇಳಿದಳು. "ನಿಮಗೆ ಹಾಕಿದ್ದಕ್ಕೆ ಅವ್ವನ ಕೆಲ್ಸ ಹೋಯ್ತು ಸರ್. ನೀವೊಂದು ಮಾತು ಹೇಳಿ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ನಾನು ಪಂಚಾಯ್ತಿ ಅಧ್ಯಕ್ಷ ಆಗ್ಬೇಕಂದ್ರೆ ದುರ್ಗೇಶನ ಕಡೆಯಿಂದ ಗೆದ್ದಿರೋ ನಾಲ್ಕು ಮೆಂಬರ್ ಬೆಂಬಲ ಬೇಕು ಕುಮುದಾ. ಈಗ ಅವನನ್ನ ಎದುರು ಹಾಕ್ಕಂಡ್ರೆ ಹೆಂಗೆ? ಆಮೇಲೆ ನೋಡಣ." ಹಾಳೆ ತಿರುವಿದರು. "ಈ ಮೊದಲನೇ ಅಧ್ಯಾಯ ಎಳಸಾಯ್ತು, ತೆಗೆದ್ಬಿಡು. ಇಟಲೀಲಿ ಈ ಪಂಡಿತರ ಆಮೇಲೆ ಬಂದೋರು ಹೇಳಿದ್ದೇ ಸರಿ. ಜನ ಹೆಂಗಿರ್ಬೇಕು ಅಂತಲ್ಲ, ಹೆಂಗಿದಾರೆ ಅಂತ ನೋಡಿ ಆಳ್ಬೇಕು."

ಅವ್ವ ಹೆಂಗಿದಾಳೆ ಅಂತ ನೋಡಿದ್ರಾ ಎಂದು ಕೇಳಬೇಕೆನ್ನಿಸಿತು. ಬಾಯಿಂದ ಬಂದದ್ದು, "ಆಯ್ತು ಸರ್."

ಹದಿನೈದು ದಿನಕ್ಕೆ ಪಂಚಾಯಿತಿಯ ನೂತನ ಅಧ್ಯಕ್ಷರಾದ ಮೇಷ್ಟ್ರಿಗೆ ಅಭಿನಂದನೆಯ ಫ್ಲೆಕ್ಸ್ ಕೆಲಸ ಬಂತು. "ಮೇಷ್ಟ್ರದ್ದೂ ದುರ್ಗೇಶಂದೂ ಫೋಟೋ ಒಂದೇ ಅಳತೆ ಇರ್ಲಿ" ಎಂದ ಅಂಗಡಿಯ ಯಜಮಾನ ಹರ್ಷವರ್ಧನ. ಕುಮುದಾ ಅಳತೆ ಸರಿ ಮಾಡಿದಳು.

ಅದನ್ನು ಶಾಲೆಯ ಕಾಂಪೌಂಡಿಗೇ ಕಟ್ಟಿದರು. ಓದು ಬಾರದ ಬೆಳ್ಳಮ್ಮ ಅದರ ಮುಂದೆ ಬಹಳ ಹೊತ್ತು ನಿಂತಿದ್ದಳು.

"ಚಂದ ಬಂದದೆ. ನೀನೇ ಮಾಡಿದ್ದಾ?"

"ಹ್ಞೂಂ."

"ಮೇಷ್ಟ್ರದ್ದೇನೂ ತಪ್ಪಿಲ್ಲ ಬಿಡು, ಕುಮುದಿ. ಆಣೆ ಮುರ್ದಿದ್ದು ನಾನು. ಚೌಡಿ ಸುಮ್ನೆ ಬಿಡ್ತಾಳಾ?"

ಚೌಡಿ ಅಲ್ಲ ಅವ್ವ ಎನ್ನಲು ಕುಮುದಾ ಬಾಯಿ ತೆರೆದಳು. ಶಾಲೆಯೊಳಗೆ ಊಟದ ಗಂಟೆ ಹೊಡೆಯಿತು. ಬೆಳ್ಳಮ್ಮ ಅಭ್ಯಾಸದಂತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗೇಟಿನತ್ತ ನಾಲ್ಕು ಹೆಜ್ಜೆ ಹಾಕಿದಳು. ಆಮೇಲೆ ನೆನಪಾಗಿ ನಿಂತಳು.