ಗಾಳಿ ತಾಗದ ಗಾಡಿ

"ಈ ಸಂದ್ಯಾಗಿಂದ ಇನ್ನೂ ಗಾಳಿ ಬರಾಕತ್ತೈತಿ," ಎನ್ನುತ್ತ ಲಗಮವ್ವ ಹಳೆಯ ಸೀರೆಯ ಚೂರೊಂದನ್ನು ವ್ಯಾನಿನ ಬಾಗಿಲ ಸಂದಿಗೆ ತುರುಕಿದಳು. ಹೊತ್ತು ಮುಳುಗುವ ಮೊದಲೇ ತಗಡು ಮುಟ್ಟಲಾಗದಷ್ಟು ತಣ್ಣಗಾಗಿತ್ತು.

ನೇಸರಿಯಲ್ಲಿ ಕಬ್ಬು ಕಡಿದ ಹೊಲವೊಂದರಲ್ಲಿ ಅವರು ಗೊಬ್ಬರಕ್ಕೆಂದು ಕುರಿ ತರುಬಿ ಬೀಡುಬಿಟ್ಟು ಎಂಟು ದಿನವಾಗಿತ್ತು. ಪ್ರತಿ ವರ್ಷ ಗುಡಾರವೇ ಮನೆ. ಈ ಸಲ ಸೊಸೆ ಸರಿತಾ ಹಸಿ ಬಾಣಂತಿ, ಅವಳಿಗೆ ತವರಿನಲ್ಲಿ ಯಾರೂ ಇಲ್ಲ. ಅದಕ್ಕೇ ಮಗ ದತ್ತಾ ಶಿರೋಳಿಯ ಗುಜರಿಯಿಂದ ಹಳೆಯದೊಂದು ಶಾಲೆಯ ವ್ಯಾನು ತಂದು, ಸೀಟು ಕಿತ್ತು, ಹೊರಸು ಹಾಕಿಕೊಟ್ಟಿದ್ದ. ಲಗಮವ್ವ, ದತ್ತಾ ಇಬ್ಬರೂ ಹೊರಗೆ ಗುಡಾರದಲ್ಲಿ ಮಲಗುತ್ತಿದ್ದರು.

ವ್ಯಾನೆಂದರೆ ಲಗಮವ್ವನಿಗೆ ಎಲ್ಲಿಲ್ಲದ ಹೆಮ್ಮೆ. ಅವಳ ಮೂರೂ ಬಾಣಂತನ ಗುಡಾರದಲ್ಲೇ ಆಗಿದ್ದವು, ಹೊರಸಿನ ಕೆಳಗೆ ಕೆಂಡ ಇಟ್ಟುಕೊಂಡು. ಹರಕು ಕಂಬಳಿಯ ನಡುವೆ ನುಗ್ಗುವ ಗಾಳಿಯನ್ನು ಆಗ ಅವಳು ಶಪಿಸಿದ್ದೇ ಶಪಿಸಿದ್ದು.

"ಅತ್ತಿ, ತಲಿ ಸಿಡ್ಯಾಕತ್ತೈತ್ರಿ. ವಾಂತಿ ಬಂದಂಗ ಆಗತೈತಿ," ಎಂದಳು ಸರಿತಾ ಒಳಗಿನಿಂದ.

"ಥಂಡಿ ಹೊಡದೈತಿ ನಿನಗ. ಬಾಣಂತಿ ಗಾಳಿಗೆ ಮೈ ಕೊಟ್ರ ಹಿಂಗ ಆಗೂದು. ಸುಮ್ನ ಮಕ್ಕೊ."

ಅಂದು ಹುಟ್ಟಿದ ಕುರಿಮರಿಯನ್ನೂ ಚಳಿಗೆಂದು ಸೊಸೆಯ ಹೊರಸಿನ ಕೆಳಗಿನ ಕೆಂಡದ ಪಕ್ಕದಲ್ಲೇ ಬಿಟ್ಟು ಬಾಗಿಲು ಎಳೆದಳು.

ಬೆಳಗಾದಾಗ ಮರಿ ಸತ್ತಿತ್ತು. ಸರಿತಾ ಕಣ್ಣು ಬಿಡಲಾಗದೆ ಏನೋ ಗೊಣಗಿ ಮಗ್ಗುಲಾದಳು. ಲಗಮವ್ವ ಮರಿಯನ್ನು ಎತ್ತಿಕೊಂಡಳು. ಅದರ ಮೈ ಬೆಚ್ಚಗಿತ್ತು.

"ಥಂಡೀಗೆ ಹ್ವಾತು," ಎಂದಳು ದತ್ತಾನಿಗೆ. ಹಾಗೆ ಹೇಳುತ್ತಲೇ ಮರಿಯ ಮೈಯನ್ನು ಮತ್ತೊಮ್ಮೆ ಮುಟ್ಟಿ ನೋಡಿದಳು. ಆದರೂ ಇನ್ನೊಂದು ಬುಟ್ಟಿ ಇದ್ದಿಲಿಗೆ ಕಿಚ್ಚು ಹಚ್ಚಿ, ಕೆಂಡ ಮಾಡಿ ಹೊರಸಿನ ಕೆಳಗೆ ಇಟ್ಟು, ಸಂದಿಗಳನ್ನೆಲ್ಲ ಮತ್ತೆ ಮುಚ್ಚಿದಳು.

ಹೊತ್ತೇರಿದರೂ ಮಂಜು ಕರಗಿರಲಿಲ್ಲ. ಮರಿ ಕಳೆದುಕೊಂಡ ಕುರಿ ಬಾಗಿಲಿಗೆ ತಲೆ ಗುದ್ದುತ್ತ ಒದರುತ್ತಿತ್ತು. ಸಂದಿಯಲ್ಲಿದ್ದ ಸೀರೆಯ ಚೂರನ್ನು ಬಾಯಲ್ಲಿ ಕಚ್ಚಿ ಎಳೆದುಹಾಕಿತು.

"ಹಚಾ! ಕೂಸು ಏಳತೈತಿ!" ಎಂದು ಲಗಮವ್ವ ಓಡಿಬಂದಳು.

ಚೂರನ್ನು ಮತ್ತೆ ತುರುಕಲು ಬಗ್ಗಿದವಳು ಹಾಗೇ ನಿಂತಳು. ಇಷ್ಟು ಗದ್ದಲಕ್ಕೂ ಕೂಸು ಎದ್ದಿರಲಿಲ್ಲ.

"ಸರಿತಾ... ಏ ಸರಿತಾ! ದತ್ತಾ, ಲಗೂನ ಬಾರೋ!"

ದತ್ತಾ ಬಾಗಿಲು ಎಳೆದ. ಬಿಸಿ ಮುಖಕ್ಕೆ ರಾಚಿತು. ಹೆಂಡತಿಯನ್ನು ಎತ್ತಿ ತಂದು ಒದ್ದೆ ನೆಲದ ಮೇಲೆಯೇ ಮಲಗಿಸಿದ. ಲಗಮವ್ವ ಕೂಸನ್ನು ಎದೆಗವಚಿಕೊಂಡು ಅಭ್ಯಾಸಬಲದಿಂದ ಕಂಬಳಿಗೆ ಕೈ ಚಾಚಿದಳು.

"ಹೊಚ್ಚಬ್ಯಾಡಬೇ! ಕೆಂಡ ಇಟ್ಟು ಎಲ್ಲಾ ಮುಚ್ಚಿದ್ರ ಒಳಗ ಉಸುರಾಡಾಕ ಗಾಳಿ ಎಲ್ಲೈತಿ?" ದತ್ತಾ ಕಂಬಳಿಯನ್ನು ದೂರ ಎಸೆದ.

ಸರಿತಾ ಕೆಮ್ಮಿದಳು, ಹೊಟ್ಟೆ ಹಿಂಡಿದಂತೆ ವಾಂತಿ ಮಾಡಿಕೊಂಡಳು. "ಕೂಸು?" ಎಂದಳು.

ಹುಟ್ಟಿದಂದಿನಿಂದ ಯಾರಿಗೂ ಬಿಚ್ಚಗೊಡದ, ಕೂಸಿನ ತಲೆ ಕಿವಿ ಮುಚ್ಚಿದ್ದ ಕುಂಚಿಗೆಯ ಗಂಟನ್ನು ಲಗಮವ್ವ ಬಿಚ್ಚಿದಳು. ಕೂಸಿನ ಬರಿಯ ತಲೆಯನ್ನು ಅಂಗೈಯಲ್ಲಿ ಹಿಡಿದು, ಗಾಳಿ ಬೀಸುವ ಕಡೆಗೆ ಅದರ ಮುಖ ತಿರುಗಿಸಿ, ಉಸಿರಿಗೆ ಕಾಯುತ್ತ ನಿಂತಳು.