ದೋಣಿಯ ಎಡಮಗ್ಗುಲು

೧

ಈ ಕಥೆಯನ್ನು ಗಾಳಿಯಿಂದ ಶುರು ಮಾಡಬೇಕೆಂದಿದ್ದೆ. ಹಾಯಿದೋಣಿಯ ಕಥೆ ತಾನೆ, ಮೊದಲ ವಾಕ್ಯದಲ್ಲೇ ಗಾಳಿ ಬೀಸಿದರೆ ಓದುವವರಿಗೂ ಒಂದಿಷ್ಟು ತಂಪು. ಬರೆದೂ ಬಿಟ್ಟೆ. ಕಥೆಯೊಳಗಿನ ಹೆಂಗಸು ಮೇಜಿನಿಂದ ತಲೆ ಎತ್ತಿ ನನ್ನನ್ನು ದುರುಗುಟ್ಟಿ ನೋಡಿದಳು.

"ಕಿಟಕಿ ಮುಚ್ಚಿ. ಫ್ಯಾನ್ ಕೂಡ ಹಾಕ್ದೆ ಬೆವರ್ತಾ ಕೂತಿದೀನಿ. ಹಾಯಿ ಇನ್ನೂ ಸರಿಯಾಗಿ ಕೂತಿಲ್ಲ."

ಹಾಗಾಗಿ ಗಾಳಿ ಕ್ಯಾನ್ಸಲ್. ನೀರಂತೂ ಮೊದಲೇ ಇಲ್ಲ. ಇರುವುದು ಒಂದು ಊಟದ ಮೇಜು, ಅದರ ಮೇಲೆ ಮಕ್ಕಳು ಆಡುವ ಪ್ಲಾಸ್ಟಿಕ್ ಇಟ್ಟಿಗೆಗಳಿಂದ ಕಟ್ಟಿದ ಹಸಿರು ಹಾಯಿದೋಣಿ. (ಮನೆಯಲ್ಲಿ ಮಕ್ಕಳಿಲ್ಲ. ಯಾಕೆ ಅಂತ ಕೇಳಬೇಡಿ. ನಾನು ಕೇಳಿ ಬೈಸಿಕೊಂಡಿದ್ದೇನೆ.)

೨

ಎರಡನೆಯ ಡ್ರಾಫ್ಟಿನಲ್ಲಿ ಇವಳನ್ನು ಗಂಡಸು ಮಾಡಿ, ದಪ್ಪ ಕನ್ನಡಕ ಹಾಕಿ, ಒಂಟಿತನ ಕೊಟ್ಟಿದ್ದೆ. ಸಾಹಿತ್ಯದಲ್ಲಿ ಒಂಟಿತನಕ್ಕೆ ಒಳ್ಳೆಯ ಮಾರ್ಕೆಟ್ ಇದೆ. "ಅದನ್ನೆಲ್ಲ ನೀವೇ ಇಟ್ಕೊಳ್ಳಿ" ಎಂದು ವಾಪಸ್ ಕೊಟ್ಟಳು.

ಸರಿ, ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಅವಳು ಕಪಾಟು ಮಾಡುವ ಕಂಪನಿಯೊಂದರಲ್ಲಿ ಅಡುಗೆಮನೆಗಳ ನಕ್ಷೆ ಬಿಡಿಸುತ್ತಾಳೆ. ಮನೆಯಲ್ಲಿ ಎಲ್ಲರಿಗೂ ಅವಳು ತಂಗಿ, ನಮಗೂ ತಂಗಿಯೇ. ಅದೇ ಮನೆಯ ಮಹಡಿಯ ಮೇಲೆ ಅವಳ ಅಣ್ಣ ಮತ್ತು ಅತ್ತಿಗೆ ಇದ್ದಾರೆ. ಅಪ್ಪನಿಗೆ ಒಂದು ಹಾಯಿದೋಣಿ ಇತ್ತು. ಅಪ್ಪ ಹೋದ ಮೇಲೆ ಅದು ಶೆಡ್ಡಿನಲ್ಲಿ ಕೂತಿತ್ತು. ಒಂದು ದಿನ ತಂಗಿ ಆಫೀಸಿನಿಂದ ಬಂದು ನೋಡಿದರೆ ಶೆಡ್ಡು ಖಾಲಿ. ಅಣ್ಣ ಆಳು ಕರೆಸಿ ದೋಣಿಯನ್ನು ಕುಯ್ಯಿಸಿ ಸೌದೆಗೆ ಕೊಟ್ಟಿದ್ದ. ತಂಗಿಗೆ ಒಂದು ಮಾತೂ ಹೇಳಿರಲಿಲ್ಲ.

ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ. ನೀರಿನ ಮೋಟರ್ ಆಫ್ ಮಾಡು ಎಂಬುದೂ ಅತ್ತಿಗೆಯ ಮೂಲಕವೇ ಮೆಟ್ಟಿಲು ಹತ್ತಿ ಇಳಿಯಬೇಕು.

ನಾಳೆ ಈ ಆಟದ ಇಟ್ಟಿಗೆ ಜೋಡಿಸುವವರ ಕ್ಲಬ್ಬಿನ ಹಾಲ್‌ನಲ್ಲಿ ಮಾಡೆಲ್‌ಗಳ ಪ್ರದರ್ಶನ. ಅಣ್ಣ ಅಲ್ಲಿಗೆ ಬರಬೇಕು, ಇಟ್ಟಿಗೆಯಲ್ಲಿ ಕಟ್ಟಿದ ಅಪ್ಪನ ದೋಣಿ ನೋಡಬೇಕು, ನಾಲ್ಕು ಜನರ ಮುಂದೆ ತಲೆ ತಗ್ಗಿಸಬೇಕು. ಅದಕ್ಕೇ ಕಟ್ಟುತ್ತಿದ್ದೇನೆ ಎಂದು ತಂಗಿ ಹೇಳುತ್ತಾಳೆ.

(ನಂಬಬೇಡಿ. ಅಣ್ಣ ಒಂದು ಸಲ ಮೆಟ್ಟಿಲಿಳಿದು ಬಂದರೆ ಅವಳಿಗೆ ಸಾಕು. ಇದನ್ನು ನಾನು ಹೇಳಿದೆನೆಂದು ಅವಳಿಗೆ ಹೇಳಬೇಡಿ.)

೩

ಇಲ್ಲಿ ಸ್ವಲ್ಪ ತಾಂತ್ರಿಕ ವಿಷಯ. ಬೋರಾದವರು ನಾಲ್ಕಕ್ಕೆ ಹೋಗಿ ಕಾಯಬಹುದು.

ದೋಣಿಯ ಮೈಯಲ್ಲಿ ಎಲ್ಲೂ ಮೂಲೆ ಇರುವುದಿಲ್ಲ. ಈ ಇಟ್ಟಿಗೆಗಳ ಮೈಯಲ್ಲಿ ಮೂಲೆ ಬಿಟ್ಟು ಬೇರೇನೂ ಇಲ್ಲ. ಎರಡಕ್ಕೂ ಸಂಬಂಧ ಕುದುರಿಸುವುದೆಂದರೆ ತಲೆನೋವಿನ ಕೆಲಸ. ತಂಗಿ ಮೊದಲು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿ ನೋಡಿದಳು. ದೋಣಿ ಹೋಗಿ ಕಾಲುಮಣೆ ಆಯಿತು. ಆಮೇಲೆ ಕೀಲಿರುವ ಚೂರುಗಳನ್ನು ತಂದು, ಇಟ್ಟಿಗೆಗಳನ್ನು ಪಕ್ಕಕ್ಕೆ ಮಲಗಿಸಿ, ಒಂದೊಂದು ಹಲಗೆಯನ್ನೂ ಕೂದಲೆಳೆಯಷ್ಟು ಬಾಗಿಸಿದಳು. ಅಂಟು ಹಾಕುವಂತಿಲ್ಲ. ಅಂಟು ಹಾಕಿದರೆ ಈ ಕ್ಲಬ್ಬಿನವರ ಲೋಕದಲ್ಲಿ ಮಾನ ಹೋಯಿತೆಂದೇ ಲೆಕ್ಕ. ಹಾಯಿಕಂಬದಿಂದ ಎರಡೂ ಮಗ್ಗುಲಿಗೆ ಬಿಗಿದ ದಾರಗಳೇ ಇಡೀ ದೋಣಿಯನ್ನು ಹಿಡಿದಿವೆ. ಒಂದು ಕಡೆ ಸಡಿಲವಾದರೆ ಎಲ್ಲವೂ ಗೋವಿಂದ.

ನಕ್ಷೆಯನ್ನು ಅವಳು ಆಫೀಸಿನ ಕಂಪ್ಯೂಟರಿನಲ್ಲೇ ಮಾಡಿದ್ದಳು. ಅಮ್ಮ ತೆಗೆದ ಹಳೆಯ ಫೋಟೋಗಳನ್ನು ನೋಡಿ ಬಲಮಗ್ಗುಲನ್ನು ಇಂಚಿಂಚೂ ಬಿಡಿಸಿದಳು. ಆಮೇಲೆ, ಬಲಗಡೆಯ ಕಪಾಟನ್ನೇ ತಿರುವಿ ಎಡಗಡೆಯದು ಮಾಡಿ ಅಭ್ಯಾಸವಿದ್ದ ಬೆರಳು ತಾನಾಗಿ 'ಮಿರರ್' ಬಟನ್ ಒತ್ತಿತು. ಎಡಮಗ್ಗುಲೂ ತಯಾರು.

ಅಮ್ಮ ಫೋಟೋ ತೆಗೆದದ್ದೆಲ್ಲ ದಡದಲ್ಲಿ ನಿಂತು. ಅಪ್ಪ ದೋಣಿಯನ್ನು ತಂದು ಕಟ್ಟಿಹಾಕುತ್ತಿದ್ದದ್ದು ಯಾವಾಗಲೂ ಬಲಮಗ್ಗುಲು ದಡಕ್ಕೆ ಬರುವಂತೆ. ಇದನ್ನು ಅವಳು ಗಮನಿಸಿರಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಗಮನಿಸಿರಲಿಲ್ಲ.

೪

ಈಗ ಅಣ್ಣನನ್ನು ಕಥೆಯೊಳಗೆ ಕರೆತರಬೇಕು. "ಅಣ್ಣ ಮೆಟ್ಟಿಲಿಳಿದ" ಎಂದು ಬರೆದೆ. ಇಳಿಯಲಿಲ್ಲ.

"ಅವಳು ಕರೀಲಿ, ಬರ್ತೀನಿ," ಅಂದ.

"ಪ್ರದರ್ಶನಕ್ಕೆ ಕರೆದಿದ್ದಾಳಲ್ಲ?"

"ನನ್ನನ್ನ ಕರೆದಿಲ್ಲ. ನನ್ನ ಹೆಂಡ್ತಿ ಹತ್ರ ಹೇಳಿ ಕಳ್ಸಿದಾಳೆ. ನನಗೂ ಮರ್ಯಾದೆ ಅನ್ನೋದು ಇದೆ ಸ್ವಾಮಿ."

ಕೆಳಗೆ ಬಂದು ತಂಗಿಗೆ ಹೇಳಿದೆ. "ದೋಣಿ ಕುಯ್ಸೋವಾಗ ನನ್ನ ಕೇಳಿದ್ನಾ? ಈಗ ನಾನ್ಯಾಕೆ ಕರೀಲಿ?" ಅಂದಳು.

ಮತ್ತೆ ಮೇಲೆ ಹೋದೆ. ಮತ್ತೆ ಕೆಳಗೆ ಬಂದೆ. ಬರೆಯುವವನೆಂಬ ಗತ್ತು ಅಷ್ಟರಲ್ಲಿ ಇಳಿದುಹೋಗಿ, ನಾನು ಇನ್ನೊಬ್ಬ ಅತ್ತಿಗೆಯಾಗಿದ್ದೆ.

ನಿಜವಾದ ಅತ್ತಿಗೆ ಆಗಲೇ ನಡು ಮೆಟ್ಟಿಲ ಮೇಲೆ ಕೂತಿದ್ದಳು. ಕೈಯಲ್ಲಿ ಅಣ್ಣನ ಕಾಫಿ. "ನನ್ನ ಮಂಡಿ ಸವೆದು ಹೋಯ್ತು ನಿಮ್ಮಿಬ್ರ ಮಧ್ಯೆ," ಎಂದು ಮೇಲೂ ಕೆಳಗೂ ಕೇಳುವಂತೆ ಹೇಳಿದಳು. "ಇನ್ನು ನಾನು ಹತ್ತಲ್ಲ, ಇಳಿಯಲ್ಲ. ಕಾಫಿ ಬೇಕಾದೋರು ಬಂದು ಕುಡೀಲಿ."

ಇದನ್ನು ನಾನು ಬರೆದದ್ದಲ್ಲ. ಇಷ್ಟು ಒಳ್ಳೆಯ ಐಡಿಯಾ ನನಗೆ ಹೊಳೆಯುವುದಿಲ್ಲ.

೫

ಅಣ್ಣ ಕಾಫಿಗೆ ಇಳಿದ. ಲೋಟ ತೆಗೆದುಕೊಂಡು ತಿರುಗಬೇಕು ಎನ್ನುವಾಗ ಕೆಳಗಿನ ಬಾಗಿಲು ತೆರೆದಿದ್ದುದು ಕಂಡಿತು. (ಕಿಟಕಿ ಮುಚ್ಚಿದ ಸೆಕೆಗೆ ತೆರೆದಿಟ್ಟಿದ್ದಳು. ಇದರಲ್ಲಿ ಸಿಂಬಲ್ ಏನೂ ಇಲ್ಲ.) ಬಾಗಿಲಿನ ಕಡೆಗೆ ದೋಣಿಯ ಎಡಮಗ್ಗುಲಿತ್ತು.

ಅಣ್ಣ ಇನ್ನೆರಡು ಮೆಟ್ಟಿಲು ಇಳಿದ. ಆಮೇಲೆ ಉಳಿದವನ್ನೂ ಇಳಿದು ಹೊಸ್ತಿಲಲ್ಲಿ ನಿಂತ. ತಂಗಿ ತಲೆ ಎತ್ತಲಿಲ್ಲ. ಅವಳ ಕಿವಿ ಮಾತ್ರ ಕೆಂಪಗಾಗಿತ್ತು.

"ಈ ಕಡೆ ಹೀಗಿರ್ಲಿಲ್ಲ," ಅಂದ ಅಣ್ಣ.

ಇಷ್ಟು ಕಾಲ ಮಾತು ಬಿಟ್ಟಿದ್ದವನ ಮೊದಲ ಮಾತು ನೋಡಿ ಇದು. ನಾನು ಅವನಿಗೆಂದು ಒಂದು ಪ್ಯಾರಾ ಬರೆದಿಟ್ಟಿದ್ದೆ, ಕಣ್ಣೀರು ಸಮೇತ. ದಂಡವಾಯಿತು.

"ಅಳತೆ ಎಲ್ಲಾ ಸರಿ ಇದೆ," ಅಂದಳು ತಂಗಿ, ದೋಣಿಯನ್ನು ನೋಡುತ್ತಲೇ.

"ಇಲ್ಲಿ ತೇಪೆ ಇತ್ತು. ಬಂಡೆಗೆ ತಾಗಿ ಒಡೆದಿತ್ತು. ಅಪ್ಪ ಹಳೇ ಬಾಗಿಲಿನ ಹಲಗೆ ಹೊಡೆದಿದ್ರು. ಅದು ಅಮ್ಮಂಗೆ ಕಾಣ್ಬಾರ್ದು ಅಂತಾನೇ ಬಲಗಡೆ ದಡಕ್ಕೆ ಬರೋ ಹಾಗೆ ಕಟ್ತಿದ್ದಿದ್ದು. ಕಂಡಿದ್ರೆ ನಮ್ಮನ್ನ ದೋಣಿ ಹತ್ತೋಕೆ ಬಿಡ್ತಿದ್ರಾ?"

"ನಂಗೆ ಯಾರೂ ಹೇಳ್ಲಿಲ್ಲ."

"ಹೇಳಿದ್ರೆ ನೀನು ಅಮ್ಮಂಗೆ ಹೇಳ್ಬಿಡ್ತಿದ್ದೆ."

ಅದು ನಿಜವೇ. ಅಣ್ಣ ಲೋಟ ಕೆಳಗಿಟ್ಟು, ಕೇಳದೆ ಗೀಳದೆ, ಎಡಮಗ್ಗುಲಿನ ಒಂದು ಹಸಿರು ಹಲಗೆಗೆ ಉಗುರು ಹಾಕಿ ಕಿತ್ತ. ದಾರ ಸಡಿಲವಾಯಿತು, ಹಾಯಿಕಂಬ ವಾಲಿತು. ತಂಗಿ ಎರಡೂ ಕೈ ಚಾಚಿ ದೋಣಿಯ ಒಡಲನ್ನು ತಬ್ಬಿ ಹಿಡಿದಳು.

"ಕಂಬ ಹಿಡ್ಕೋ. ಬಿಟ್ರೆ ಪೂರ್ತಿ ಬೀಳತ್ತೆ," ಅಂದಳು.

ಅಣ್ಣ ಹಿಡಿದುಕೊಂಡ.

೬

ಇಲ್ಲಿ ಕಥೆ ಮುಗಿಸಲು ನನ್ನ ಬಳಿ ಕೆಲವು ದಾರಿಗಳಿವೆ.

ಮೊದಲನೆಯದು: ಪ್ರದರ್ಶನದಲ್ಲಿ ಬಹುಮಾನ ಬರುತ್ತದೆ, ವೇದಿಕೆಯ ಮೇಲೆ ಅಣ್ಣ ತಂಗಿ ಅಪ್ಪಿಕೊಳ್ಳುತ್ತಾರೆ. ಮೆಟ್ಟಿಲ ಮೇಲಿಂದ ಅತ್ತಿಗೆ "ಥೂ" ಅಂದಳು.

ಎರಡನೆಯದು: ದೋಣಿ ಬಿದ್ದು ಚೂರಾಗುತ್ತದೆ, ಬದುಕು ಕ್ಷಣಿಕವೆಂದು ಎಲ್ಲರಿಗೂ ಅರಿವಾಗುತ್ತದೆ. "ಬದುಕಿನ್ ವಿಷ್ಯ ಆಮೇಲೆ ನೋಡೋಣ, ದೋಣಿ ಬಿದ್ರೆ ನಿಮ್ಮನ್ನ ಸುಮ್ನೆ ಬಿಡಲ್ಲ," ಅಂದಳು ತಂಗಿ.

ಮೂರನೆಯದು ಹೇಳುವುದರೊಳಗೆ ಅವಳು ಅಣ್ಣನ ಕಡೆ ತಿರುಗಿದಳು. ಕೈ ಬಿಡುವಂತಿಲ್ಲ, ಎದ್ದು ಹೋಗುವಂತಿಲ್ಲ. ಅವನೂ ಅಷ್ಟೆ.

"ಯಾಕೆ ಹೇಳ್ಲಿಲ್ಲ ನನಗೆ? ಕುಯ್ಸೋ ಮೊದಲು?"

ಅಣ್ಣನಿಗೆ ಇಲ್ಲಿ ನಾನು ಕ್ಷಮಾಪಣೆ ಬರೆದುಕೊಟ್ಟಿದ್ದೆ. ಅವನು ಅದನ್ನು ಓದಲಿಲ್ಲ.

"ಹಲಗೆ ಎಲ್ಲ ಕೊಳೆತು ಹೋಗಿತ್ತು. ಕೈ ಹಾಕಿದ್ರೆ ಉದುರ್ತಿತ್ತು. ಹೇಳಿದ್ರೆ ನೀನು ಬೇಡ ಅಂತಿದ್ದೆ. ನೀನು ಬೇಡ ಅಂದ್ಮೇಲೆ ನನ್ನ ಕೈಲಿ ಆಗ್ತಿರ್ಲಿಲ್ಲ."

ಕೋಪ ಹೋಯಿತೇ ಎಂದು ತಂಗಿಯನ್ನು ಕೇಳಿದೆ. ಪೂರ್ತಿ ಇಲ್ಲ ಅಂದಳು. ಅರ್ಧವೇ? "ನಿಮಗ್ಯಾಕ್ರೀ ಅದೆಲ್ಲ, ಆ ಡಬ್ಬದಲ್ಲಿ ತೇಪೆಗೆ ಕಂದು ಬಣ್ಣದ್ದು ಸಿಗತ್ತಾ ನೋಡಿ," ಅಂದಳು. ಕಥೆ ಬರೆಯುವವನು ಈಗ ಡಬ್ಬದಲ್ಲಿ ಕಂದು ಇಟ್ಟಿಗೆ ಹುಡುಕುತ್ತಿದ್ದಾನೆ. ಉದ್ಯೋಗ ಅಂದರೆ ಇದು.

"ಮುಗಿಸಲಾ?" ಎಂದು ಕೇಳಿದೆ.

"ಎಲ್ಲಿ ಮುಗೀತು?" ಅಂದ ಅಣ್ಣ, ಹಲಗೆ ಕಿತ್ತ ಜಾಗದಲ್ಲಿ ಬಗ್ಗಿ ಇಣುಕುತ್ತಾ. "ಒಳಗೆ ಬೆಂಚೇ ಹಾಕಿಲ್ಲ ಇವಳು."

"ಬೆಂಚಿತ್ತಾ?"

"ಇಲ್ದೆ ಏನು? ಚಿಕ್ಕವಳಿದ್ದಾಗ ನೀನು ಮಲಗ್ತಿದ್ದಿದ್ದೇ ಅದರ ಮೇಲೆ. ಉರುಳಿ ಬೀಳ್ಬಾರ್ದು ಅಂತ ನಾನು ಕೆಳಗೆ ಕೂತಿರ್ತಿದ್ದೆ, ದಡ ಬರೋವರ್ಗೂ."

ತಂಗಿಗೆ ಇದು ಯಾವುದೂ ನೆನಪಿರಲಿಲ್ಲ. ಅವಳು ತುಂಬ ಹೊತ್ತು ದೋಣಿಯ ಒಳಗೇ ನೋಡುತ್ತಿದ್ದಳು. ಕೆನ್ನೆಯ ಮೇಲೆ ಇಳಿದದ್ದನ್ನು ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

"ಎಷ್ಟುದ್ದ ಇತ್ತು?" ಎಂದು ಕೇಳಿದಳು.

ಅಣ್ಣ ಕೈ ಅಗಲಿಸಿ ತೋರಿಸಲು ಹೋದ.

"ಕಂಬ ಬಿಡ್ಬೇಡ," ಅಂದಳು ತಂಗಿ. "ಬಾಯಲ್ಲಿ ಹೇಳು."