ಅಟ್ಟದ ಕೆಳಗಿನ ಹಾಸಿಗೆ

ಕೊಬ್ಬರಿಗೆ ಕಾವಲು ಬೇಕು ಅಂತ ಹೇಳಿ ನಾನು ಹಾಸಿಗೆ ಸುತ್ಕೊಂಡು ಅಟ್ಟದ ಮನೆಗೆ ಹೋದೆ. ಯಾರ ಕಿವಿಗೆ ಹೂ ಇಡೋಕೆ ಹೋಗಿದ್ದೆನೋ ಕಾಣೆ. ನಮ್ಮ ತೋಟಕ್ಕೆ ಕಳ್ಳ ಬಂದ್ರೆ ಮೊದಲು ನಾಯಿ ಬೊಗಳುತ್ತೆ, ಆಮೇಲೆ ನಮ್ಮೆಜಮಾನ್ರು ರಂಗಪ್ಪ ಕೆಮ್ತಾರೆ. ನನ್ನ ಕಾವಲು ಯಾರಿಗೆ ಬೇಕಿತ್ತು? ಇದ್ದದ್ದು ಇದ್ದಂಗೆ ಹೇಳಿಬುಡ್ತೀನಿ. ನನ್ನ ಬಲಗಡೆ ಎದೆ ಒಡೆದು ಹುಣ್ಣಾಗಿತ್ತು. ಹುಣ್ಣು ನಾರ್ತಿತ್ತು. ಅಟ್ಟದ ಮೇಲೆ ವರ್ಷದ ಕಾಯಿ ತುಂಬಿತ್ತು, ಚಿಪ್ಪಿನೊಳಗೇ ಒಣಗಿ ಕೊಬ್ಬರಿ ಆಗ್ತಿದ್ದವು. ಆ ಎಣ್ಣೆ ಘಮಲು, ಮುಗ್ಗಲು, ಧೂಳು ಎಲ್ಲ ಸೇರಿ ಒಂದು ಗಾಢ ವಾಸನೆ ಬರುತ್ತಲ್ಲ, ಅದರೊಳಗೆ ನನ್ನ ವಾಸನೆ ಬಚ್ಚಿಡಬಹುದು ಅಂದ್ಕೊಂಡೆ.

ಬೆಂಗಳೂರಿನ ಡಾಕ್ಟ್ರು ಮುಚ್ಚುಮರೆ ಮಾಡಿರಲಿಲ್ಲ. ಕ್ಯಾನ್ಸರ್ರು ಬೆನ್ನುಮೂಳೆಗೂ ಹೋಗಿದೆ, ಇನ್ನು ವಾಸಿ ಮಾಡೋಕಾಗಲ್ಲ, ನೋವು ಕಮ್ಮಿ ಮಾಡಬಹುದು ಅಂದ್ರು. ಹತ್ತಿಪ್ಪತ್ತು ಮಾರ್ಫಿನ್ ಮಾತ್ರೆನೂ ಕೊಟ್ಟು ಕಳಿಸಿದ್ರು. ಸಾಯೋದು ನನಗೆ ಅಷ್ಟು ದೊಡ್ಡದಾಗಿ ಕಾಣಲಿಲ್ಲ ಕಣ್ರೀ. ನಮ್ಮವ್ವ ಸತ್ಲು, ನಮ್ಮತ್ತೆ ಸತ್ರು, ನನಗೇನು ಕೊಂಬು ಬಂದಿದೆಯಾ? ನನ್ನನ್ನ ತಿನ್ನುತ್ತಿದ್ದದ್ದೇ ಬೇರೆ.

ತುರುವೇಕೆರೆಗೆ ಕೊಟ್ಟ ಮಗಳು ಗಾನವಿ ಹೆತ್ತಿದ್ಲು. ಹೆಣ್ಣು ಕೂಸು. ನಮ್ಮಲ್ಲಿ ಚೊಚ್ಚಲ ಬಾಣಂತನ ತೌರುಮನೆಯದು. ತಾಯಿ ಆದವಳು ಬಚ್ಚಲಲ್ಲಿ ಕಾಲು ನೀಡಿ ಕೂತು, ಕಾಲ ಮೇಲೆ ಕೂಸನ್ನ ಮಲಗಿಸ್ಕೊಂಡು, ಎಣ್ಣೆ ತೀಡಿ ಬಿಸಿನೀರು ಹುಯ್ಯಬೇಕು. ಗಾನವಿಗೆ ನಮ್ಮವ್ವ ಹುಯ್ದಿದ್ದು ಹಂಗೇ. ನಾನೋ, ಮಗಳಿಗೆ ಫೋನ್ ಮಾಡಿ, 'ಇಲ್ಲಿಗೆ ಬರಬೇಡ ಕಣೇ, ನಿಮ್ಮತ್ತೆ ಮೀನಾಕ್ಷಮ್ಮ ಚೆನ್ನಾಗಿ ನೋಡ್ಕೋತಾರೆ' ಅಂದುಬುಟ್ಟೆ. ಅವಳಿಗೆ ಕಾಯಿಲೆ ಇರೋದು ಗೊತ್ತಿತ್ತು, ಹುಣ್ಣು ಒಡೆದಿರೋದು ಗೊತ್ತಿರಲಿಲ್ಲ. 'ನಾನು ಬೇಡವಾದೆನಾ ಅಮ್ಮ?' ಅಂತ ಕೇಳಿದ್ಲು. ಫೋನ್ ಇಟ್ಟುಬುಟ್ಟೆ. ಆ ಕೂಸಿಗೆ ಒಂದು ಸಲ ನನ್ನ ಕಾಲ ಮೇಲೆ ನೀರು ಹುಯ್ದು ಹೋಗಿಬುಡಬೇಕು, ಅದೊಂದೇ ಆಸೆ. ಆದರೆ ಈ ನಾತ ಹೊತ್ಕೊಂಡು ಹಾಲು ಕುಡಿಯೋ ಕೂಸನ್ನ ಹೆಂಗೆ ಮುಟ್ಟಲಿ?

ಹಂಗಾಗಿ ಅಟ್ಟದ ಕೆಳಗೆ ಮಲಗಿದೆ. ಮಧ್ಯಾಹ್ನ ಹೆಂಚಿನ ಸಂದಿನಿಂದ ಬಿಸಿಲು ಕೋಲುಕೋಲಾಗಿ ಇಳೀತಿತ್ತು, ಅದರೊಳಗೆ ಧೂಳು ಮೇಲಕ್ಕೂ ಹೋಗದೆ ಕೆಳಕ್ಕೂ ಬರದೆ ನಿಂತಿರೋದು. ಅಟ್ಟದ ಮೇಲೆ ಇಲಿ ಓಡಿದ್ರೆ ಒಣಗಿದ ಕಾಯೆಲ್ಲ ಚಿಪ್ಪಿನೊಳಗೆ ಲೊಟಲೊಟ ಅನ್ನೋವು. ನನಗೆ ಅರೆನಿದ್ದೆಯಲ್ಲಿ, ಯಾರೋ ಪುಟ್ಟ ಪಾದದವರು ಮೇಲೆ ಓಡಾಡ್ತಾವ್ರೆ ಅನ್ಸೋದು. ಹೊರಗೆ ಗರಿ ಅಲ್ಲಾಡೋ ಸದ್ದು ನೀರು ಹುಯ್ದಂಗೆ ಕೇಳ್ಸೋದು. ಎದ್ದು ನೋಡಿದ್ರೆ ಮಳೆಯೂ ಇಲ್ಲ, ನೀರೂ ಇಲ್ಲ. ಬೆನ್ನಿನ ನೋವು ಮಾತ್ರ ಇರೋದು, ಅದು ಎಲ್ಲೂ ಹೋಗ್ತಿರಲಿಲ್ಲ.

ಅಂಥಾ ಒಂದು ಮಧ್ಯಾಹ್ನ ಪುಷ್ಪಲತಾ ಬಂದ್ಲು. ತಿಪಟೂರಿನಿಂದ ಸ್ಕೂಟಿಯಲ್ಲಿ ಮನೆಮನೆಗೆ ಬಂದು ನಮ್ಮಂಥ ರೋಗಿಗಳನ್ನ ನೋಡೋ ನರ್ಸು. ಬೆಂಗಳೂರಿನವರೇ ನನ್ನ ಹೆಸರು, ಊರು ಹೇಳಿದ್ರಂತೆ. ಒಳಗೆ ಬಂದವಳು ಸುತ್ತ ನೋಡಿದ್ಲು, ಮೂಗು ಮುಚ್ಚಲಿಲ್ಲ. ನಾನು ಅವಳ ಮೂಗನ್ನೇ ನೋಡ್ತಿದ್ದೆ.

'ಅಷ್ಟು ದೊಡ್ಡ ಮನೆ ಇಟ್ಕೊಂಡು ಇಲ್ಲಿ ಯಾಕೆ ಮಲಗಿದೀರ ಸಿದ್ದಕ್ಕ?' ಅಂದ್ಲು.

'ಕೊಬ್ಬರಿ ಕಾಯೋಕೆ.'

'ಓಹೋ. ಕೊಬ್ಬರಿ ನಿಮ್ಮನ್ನ ಕಾಯ್ತಾ ಇದೆಯೋ, ನೀವು ಕೊಬ್ಬರಿ ಕಾಯ್ತಾ ಇದೀರೋ?'

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ಹಂಗೆ ನಾನು ಸೆರಗು ಎಳ್ಕೊಂಡೆ. ಅವಳು ಪಕ್ಕದಲ್ಲಿ ನೆಲದ ಮೇಲೇ ಕೂತು, 'ತೋರಿಸಿ' ಅಂದ್ಲು. ನನಗೆ ಸಿಟ್ಟು ಬಂತು. ಕಟ್ಟಿಕೊಂಡ ಗಂಡನಿಗೇ ತೋರಿಸಿಲ್ಲ, ಇವಳ್ಯಾರು ಅಂತ ಬೈದೆ. ಬೈಯೋದು ಮುಗಿಯೋ ತನಕ ಅವಳು ಸುಮ್ಮನೆ ಕೂತಿದ್ಲು. ಆಮೇಲೆ, 'ಇನ್ನೂ ಇದೆಯಾ, ಆಯ್ತಾ?' ಅಂದ್ಲು. ನನಗೆ ನಗು ಬಂದುಬುಡ್ತು. ನಕ್ಕಮೇಲೆ ಇನ್ನೇನು ಮುಚ್ಚೋದು, ಸೆರಗು ತೆಗೆದೆ.

ಹಳೇ ಸೀರೆ ತುಂಡು ಹುಣ್ಣಿಗೆ ಅಂಟಿ ಒಣಗಿತ್ತು. ನಾನಾದ್ರೆ ಹಲ್ಲು ಕಚ್ಚಿ ಕಿತ್ತು ಹಾಕ್ತಿದ್ದೆ, ರಕ್ತ ಬರೋದು. ಅವಳು ಕುದಿಸಿ ಆರಿಸಿದ ಉಪ್ಪುನೀರನ್ನ ಹನಿಹನಿ ಬಿಟ್ಟು, ಬಟ್ಟೆ ತಾನಾಗಿ ಬಿಡೋವರೆಗೂ ಕಾದ್ಲು. ತೊಳೆದು, ವಾಸನೆ ಹೋಗೋಕೆ ಅಂತ ನುಣ್ಣಗೆ ಅರೆದ ಮಾತ್ರೆ ಪುಡಿ ಉದುರಿಸಿ, ಮೆತ್ತಗೆ ಕಟ್ಟಿದ್ಲು. ಊದಿದ ಬಲಗೈಯನ್ನ ದಿಂಬಿನ ಮೇಲೆ ಎತ್ತಿಟ್ಟು, ಈ ಕೈಗೆ ಭಾರ ಹಾಕಬೇಡಿ, ಗಾಯ ಮಾಡ್ಕೋಬೇಡಿ ಅಂದ್ಲು.

'ಒಂದು ಕೇಳ್ತೀನಿ, ಸುಳ್ಳು ಹೇಳಬೇಡ ತಾಯಿ. ಇದು ಕೂಸಿಗೆ ಅಂಟುತ್ತಾ?'

'ಅಂಟಲ್ಲ. ಮುಟ್ಟಿದ್ರೂ ಇಲ್ಲ, ಪಕ್ಕ ಮಲಗಿಸ್ಕೊಂಡ್ರೂ ಇಲ್ಲ. ಕೆಲವು ಮನೆತನದಲ್ಲಿ ತಾಯಿಗಿದ್ರೆ ಮಗಳಿಗೂ ಬರೋದುಂಟು, ಅದು ಅಂಟಿ ಬರೋದಲ್ಲ. ಮಗಳು ಡಾಕ್ಟ್ರ ಹತ್ರ ಹೋಗಿ ತೋರಿಸ್ಕೊಳ್ಳಲಿ. ಮೊಮ್ಮಗಳಿಗೆ ನಿಮ್ಮಿಂದ ಏನೂ ಆಗಲ್ಲ.'

'ನನಗೆ ವಾಸಿ ಆಗುತ್ತಾ?'

'ಇಲ್ಲ ಸಿದ್ದಕ್ಕ.'

ಆ 'ಇಲ್ಲ' ಕೇಳಿ ಅತ್ತೆ. ಗೊತ್ತಿದ್ರೂ ಅತ್ತೆ. ಅವಳು ಸಮಾಧಾನ ಮಾಡೋಕೆ ಹೋಗಲಿಲ್ಲ, ಕೈ ಹಿಡ್ಕೊಂಡಿದ್ಲು. ಅತ್ತು ಮುಗಿದ ಮೇಲೆ ಕೂಸಿಗೆ ನೀರು ಹುಯ್ಯೋ ನನ್ನಾಸೆ ಹೇಳ್ದೆ.

'ಹುಯ್ಯೋಣ. ಆದರೆ ಕಾಲು ನೀಡಿ ಕೂರಬೇಕಂದ್ರೆ ಬೆನ್ನು ನೋವು ಮೊದಲು ಹಿಡಿತಕ್ಕೆ ಬರಬೇಕು. ಮಾರ್ಫಿನ್ ಕೊಟ್ಟಿದ್ರಂತೆ, ಎಲ್ಲಿ?'

ಅಟ್ಟದ ಕಡೆ ಬೆರಳು ತೋರಿಸ್ದೆ. ಹೊರಗೆ ಕಾಯ್ತಿದ್ದ ಯಜಮಾನ್ರು ಒಳಗೆ ಬಂದು ಏಣಿ ಹತ್ತಿ, ಕಾಯಿ ಮಧ್ಯೆ ಬಚ್ಚಿಟ್ಟಿದ್ದ ಡಬ್ಬ ಇಳಿಸ್ಕೊಂಡು ಬಂದ್ರು. ಒಂದು ಮಾತ್ರೆನೂ ಮುಟ್ಟಿರಲಿಲ್ಲ. ಇದಕ್ಕಿಂತ ದೊಡ್ಡ ನೋವು ಬರುತ್ತಲ್ಲ, ಆವಾಗ ಇರಲಿ ಅಂತ ಇಟ್ಟಿದ್ದೆ. ಇವತ್ತು ಕಿತ್ತ ಕಾಯನ್ನ ಬರೋ ವರ್ಷಕ್ಕೆ ಅಂತ ಅಟ್ಟಕ್ಕೆ ಹಾಕೋ ಜನ ನಾವು. ಕೈಗೆ ಏನು ಸಿಕ್ಕಿದ್ರೂ ಮೊದಲು ಮೇಲೆ ನೋಡ್ತೀವಿ.

ಪುಷ್ಪಲತಾ ಡಬ್ಬ ಅಲ್ಲಾಡಿಸಿ, 'ಕಾಯಿ ಇಟ್ರೆ ಕೊಬ್ಬರಿ ಆಗುತ್ತೆ. ಮಾತ್ರೆ ಇಟ್ರೆ ಏನಾಗುತ್ತೆ?' ಅಂದ್ಲು. ಯಜಮಾನ್ರು ಕಿಸಕ್ಕಂತ ನಕ್ಕರು. ಅವರನ್ನ ದುರುಗುಟ್ಟಿಕೊಂಡು ನೋಡ್ದೆ. 'ನೋವು ಬಂದಮೇಲೆ ತಗೊಳ್ಳೋದಲ್ಲ ಇದು, ಗಡಿಯಾರ ನೋಡ್ಕೊಂಡು ತಗೊಳ್ಳೋದು. ನೋವು ಹೆಚ್ಚಾದ್ರೆ ಡಾಕ್ಟ್ರನ್ನ ಕೇಳಿ ಹೆಚ್ಚು ಮಾಡ್ತೀವಿ, ಮುಗಿದು ಹೋಗೋ ಗಂಟಲ್ಲ ಇದು. ಮೊದಲ ಎರಡು ಮೂರು ದಿನ ತೂಕಡಿಕೆ ಬರುತ್ತೆ, ಆಮೇಲೆ ಬಿಡುತ್ತೆ. ಹೊಟ್ಟೆ ಕಟ್ಟುತ್ತೆ, ಅದಕ್ಕೂ ಔಷಧಿ ಕೊಡ್ತೀನಿ' ಅಂದ್ಲು ಅವಳು.

ಹೋಗೋ ಮುಂಚೆ ಕಟ್ಟು ಬದಲಾಯಿಸೋದನ್ನ ಯಜಮಾನ್ರಿಗೆ ಕಲಿಸ್ತೀನಿ ಅಂದ್ಲು. ಅವರು ಬಾಗಿಲಿಗೆ ಒರಗಿ ಬೆವೆತುಹೋದ್ರು. 'ನನ್ನ ಕೈ ಒರಟು ಕಣಮ್ಮ' ಅಂದ್ರು. ಅವರು ಕೊಬ್ಬರಿ ಒಡೆಯೋದನ್ನ ನೋಡಬೇಕು ನೀವು. ಮಚ್ಚಿನಲ್ಲಿ ಚಿಪ್ಪು ಚೂರುಚೂರು ಮಾಡ್ತಾರೆ, ಒಳಗಿನ ಉಂಡೆಗೆ ಒಂದು ಗೀರೂ ಬೀಳಲ್ಲ. 'ಕೊಬ್ಬರಿ ಮೇಲೆ ಇರೋ ನಿಗಾ ಹೆಂಡ್ತಿ ಮೇಲೆ ಇಡೋಕೆ ಏನು ದಾಡಿ?' ಅಂದೆ. ಮಾರನೇ ದಿನ, ಅವಳು ಹೇಳಿಕೊಟ್ಟು ಹೋದಂಗೆ, ಕೈ ತೊಳ್ಕೊಂಡು ಬಂದು ಕೂತ್ರು. ಮೊದಲ ಸಲ ಹುಣ್ಣು ಕಂಡಾಗ, 'ಇಷ್ಟು ದಿನ ಒಬ್ಬಳೇ ಹೆಂಗೆ ತಡ್ಕೊಂಡ್ಯೇ?' ಅಂದ್ರು. ಅಷ್ಟೇ. ಆಮೇಲೆ ಉಪ್ಪುನೀರು ಬಿಡೋಕೆ ಶುರು ಮಾಡಿದ್ರು.

ಮಾತ್ರೆ ಹೊಟ್ಟೆಗೆ ಬಿದ್ದ ಮೊದಲ ದಿನಗಳು ನನಗೆ ಸರಿಯಾಗಿ ನೆನಪಿಲ್ಲ. ತೋಟ ಒಳಗೆ ಬಂದಂಗಿತ್ತು. ಮರಗಳೆಲ್ಲ ಸಾಲಾಗಿ ಬಾಗಿಲು ದಾಟಿ ಬಂದು ಹಾಸಿಗೆ ಸುತ್ತ ನಿಂತ್ಕೊಂಡವು, ನಾನು ಅವುಗಳಿಗೆ, ಕಾಲು ಒರಸ್ಕೊಂಡು ಬನ್ನಿ ಅಂತ ಗದರಿಸ್ತಿದ್ದೆ. ನಮ್ಮವ್ವ ಅಟ್ಟದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು ಒಂದೊಂದೇ ಕಾಯನ್ನ ಕಿವಿ ಹತ್ರ ಅಲ್ಲಾಡಿಸಿ ನೋಡೋಳು. 'ಇದು ಆಗಿದೆ, ಇದು ಇನ್ನೂ ಆಗಿಲ್ಲ' ಅನ್ನೋಳು. ನನ್ನ ಕಡೆ ನೋಡಿ ಏನೂ ಅನ್ನಲಿಲ್ಲ. ಹಂಡೆಯಿಂದ ಹಬೆ ಏಳೋದು, ಹಬೆಯೊಳಗೆ ಕೂಸು, ಕೂಸಿಗೆ ಮುಖ ಇಲ್ಲ. ಮುಖ ಕಾಣೋಷ್ಟರಲ್ಲಿ ಎಚ್ಚರ ಆಗೋದು. ಆ ಮುಖಕ್ಕಾಗಿ ಮತ್ತೆ ಕಣ್ಣು ಮುಚ್ತಿದ್ದೆ.

ಆಮೇಲೊಂದು ಬೆಳಗ್ಗೆ ಎದ್ದು ಕೂತೆ. ಸುಮ್ಮನೆ ಎದ್ದು ಕೂತೆ. ಸ್ವಲ್ಪ ಹೊತ್ತಾದ ಮೇಲೆ ಗೊತ್ತಾಯ್ತು, ಬೆನ್ನು ನನ್ನನ್ನ ತಡೆದಿರಲಿಲ್ಲ ಅಂತ. ನೋವು ಇತ್ತು, ದೂರದಲ್ಲಿ ಯಾರದೋ ಮನೆಯಲ್ಲಿ ಯಾರೋ ಕೂಗ್ತಾವ್ರೆ ಅನ್ನೋ ಹಂಗಿತ್ತು.

ಪುಷ್ಪಲತಾ ಮುಂದಿನ ಸಲ ಬಂದಾಗ ಒಂದು ಕಾಯನ್ನ ಟವಲ್‌ನಲ್ಲಿ ಸುತ್ತಿ ನನ್ನ ಕಾಲ ಮೇಲೆ ಇಟ್ಲು. 'ಇದೇ ಮೊಮ್ಮಗಳು ಅನ್ಕೊಳ್ಳಿ.' ಎಡಗೈಯಲ್ಲಿ ಎಣ್ಣೆ ತೀಡೋ ಹಂಗೆ ಮಾಡ್ದೆ. ನೀರು ಹುಯ್ಯೋದು ಬೇರೆಯವರು, ಬಲಗೈ ಸುಮ್ಮನೆ ಪಕ್ಕದಲ್ಲಿರಬೇಕು, ಕಟ್ಟಿನ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸ್ಕೋಬೇಕು ಅಂತ ಅವಳು ಹೇಳಿಕೊಟ್ಲು. ಯಜಮಾನ್ರು, 'ಕೂಸು ಥೇಟ್ ನಿನ್ನ ಹಂಗೇ ಐತೆ, ತಲೆ ಗಟ್ಟಿ' ಅಂದ್ರು. ಹೆತ್ತವರಿಗೆ ಹೆಗ್ಗಣ ಮುದ್ದು, ನನಗೆ ಆ ಕಾಯಿ ಮೇಲೂ ಅಕ್ಕರೆ ಬಂತು.

'ವಾಸನೆ?' ಅಂತ ಕೇಳ್ದೆ.

'ಇಲ್ಲ ಕಣೇ' ಅಂದ್ರು ಯಜಮಾನ್ರು. ನಶ್ಯ ಏರಿಸೋ ಮೂಗಿನ ಮಾತು ಯಾರು ನಂಬ್ತಾರೆ? ಪುಷ್ಪಲತಾನೂ ಇಲ್ಲ ಅಂದ್ಲು. ಅವಳ ಮಾತನ್ನೂ ನಂಬಲಿಲ್ಲ, ದಿನಾ ಇದನ್ನೇ ನೋಡೋಳು ಅವಳು. ನನ್ನ ಮೂಗಿಗಂತೂ ಆ ನಾತ ಅಭ್ಯಾಸವಾಗಿ ಏನೂ ತಿಳೀತಿರಲಿಲ್ಲ. ಅಟ್ಟದ ಮನೆ ಬಿಟ್ಟು ನಡುಮನೆಗೆ ಹಾಸಿಗೆ ತಂದೆ. ಅಲ್ಲಿ ಬಚ್ಚಿಟ್ಕೊಳ್ಳೋಕೆ ಕೊಬ್ಬರಿ ಇರಲಿಲ್ಲ. ನಂಬಿಕೆ ಬರಲಿಲ್ಲ, ಆದ್ರೂ ಫೋನ್ ತಗೊಂಡೆ.

'ಬಾರೇ' ಅಂದೆ. 'ನೀನು ಬೇಡವಾಗಿರಲಿಲ್ಲ. ನನಗೆ ನಾನೇ ಬೇಡವಾಗಿದ್ದೆ.'

ಹುಣ್ಣಿನ ವಿಷಯನೂ ಹೇಳ್ದೆ. ಆ ಕಡೆಯಿಂದ ಕೂಸು ಅಳೋದು ಮಾತ್ರ ಕೇಳಿಸ್ತಿತ್ತು.

ಗಾನವಿ ಬಂದ ದಿನ ಯಜಮಾನ್ರು ಬೆಳಗ್ಗೆಯೇ ಹಂಡೆಗೆ ಉರಿ ಹಾಕಿದ್ರು. ಅವಳು ಕಾರಿಂದಿಳಿದು ನೆಟ್ಟಗೆ ನನ್ನ ಹತ್ರ ಬಂದ್ಲು. ನಾನು ಅವಳ ಮೂಗನ್ನೇ ನೋಡ್ತಿದ್ದೆ. ಅವಳು ನನ್ನ ಕುತ್ತಿಗೆ ತಬ್ಬಿ, ಅಲ್ಲೇ ಮುಖ ಇಟ್ಟು, ಅಲ್ಲೇ ಉಸಿರಾಡಿದ್ಲು. ಸಿಟ್ಟೂ ಇತ್ತು. 'ನನ್ನ ಹತ್ರ ನಾಚಿಕೆ ಏನಮ್ಮ ನಿನಗೆ?' ಅಂತ ಬೆನ್ನಿಗೊಂದು ಗುದ್ದೋಕೆ ಬಂದವಳು, ಬೆನ್ನು ನೆನಪಾಗಿ ಕೈ ಹಿಂದಕ್ಕೆ ತಗೊಂಡ್ಲು. ವಾಸನೆ ಹೋಗಿದೆಯಾ ಇಲ್ವಾ ಅಂತ ನಾನು ಇನ್ನು ಯಾರನ್ನೂ ಕೇಳಬಾರದು ಅಂದ್ಕೊಂಡೆ. ಆದ್ರೂ ಒಳಗೊಳಗೆ ಭಯ ಕೂತೇ ಇತ್ತು.

ಬಚ್ಚಲಲ್ಲಿ ಕಾಲು ನೀಡಿ ಕೂತೆ. ಅದಕ್ಕಂತಲೇ ಬಂದಿದ್ದ ಪುಷ್ಪಲತಾ ಕಟ್ಟಿನ ಮೇಲೆ ಹಾಳೆ ಅಂಟಿಸಿದ್ಲು. ಗಾನವಿ ಕೂಸನ್ನ ನನ್ನ ಕಾಲ ಮೇಲೆ ಮಲಗಿಸಿದ್ಲು. ಬಿಸಿಯಾದ, ಮೆತ್ತಗಿನ ಭಾರ. ಹಬೆಯೊಳಗೆ ಮುಖ ಕಾಣ್ತು, ಈ ಸಲ ನಾನು ಎಚ್ಚರವಾಗೇ ಇದ್ದೆ. ಎಡಗೈಯಲ್ಲಿ ಎಣ್ಣೆ ತೀಡಿದೆ, ಗಾನವಿ ನೀರು ಹುಯ್ದಳು. ನೀರು ಕೂಸಿನ ಮೇಲೆ ಹರಿದು, ನನ್ನ ಮೊಣಕಾಲಿಂದ ಇಳಿದು, ಬಚ್ಚಲ ತೂತಿಗೆ ಹೋಗ್ತಿತ್ತು. ನನ್ನ ಕಣ್ಣಿನ ನೀರೂ ಅದರಲ್ಲೇ ಸೇರಿ ಹೋಯ್ತು, ಯಾರಿಗೂ ಗೊತ್ತಾಗಲಿಲ್ಲ. ಒಂದು ಸಲ ಸಾಕು ಅಂದ್ಕೊಂಡಿದ್ದವಳಿಗೆ, ನಾಳೆನೂ ಬೇಕು ಅನ್ನಿಸಿಬುಡ್ತು.

ಒರೆಸಿ, ಸಾಮ್ರಾಣಿ ಹೊಗೆ ತೋರಿಸಿ, ಬಟ್ಟೆ ಸುತ್ತಿ ನನ್ನ ಎಡದೋಳಿಗೆ ಕೊಟ್ರು. ಕೂಸು ಕಣ್ಣು ಮುಚ್ಕೊಂಡೇ ಮೂಗು ಆಡಿಸ್ತು, ತಲೆ ಅತ್ತಿತ್ತ ತಿರುಗಿಸ್ತು, ಆಮೇಲೆ ಬಾಯಿ ತೆಕ್ಕೊಂಡು ಬಲಗಡೆಗೆ ಜಗ್ಗಿತು. ಕಟ್ಟಿನ ಕಡೆಗೆ. ನಾನು ಹಿಂದಕ್ಕೆ ಸರಿದೆ. ಗಾನವಿ ಎತ್ಕೊಳ್ಳೋಕೆ ಕೈ ಚಾಚಿದ್ಲು.

'ಇರಲಿ ಬುಡು' ಅಂದೆ.

ನಾನೇ ಮೂಗು ಮುಚ್ಕೊಂಡು ಬಚ್ಚಿಟ್ಟಿದ್ದ ಜಾಗಕ್ಕೆ ಆ ಕೂಸು ಕೆನ್ನೆ ಒತ್ತಿ, ತುಟಿ ಚೀಪ್ತಾ, ಹಾಲು ಹುಡುಕ್ತಾ ಇತ್ತು.